ನಾಲ್ಕನೇ ಡಬ್ಬಿ

ನಾನು ಮಲ ಪರೀಕ್ಷೆ ಮಾಡಿ ಸಂಬಳ ತೆಗೆದುಕೊಳ್ಳುವವಳು. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಬಹುದು, ನನಗೇನೂ ಬೇಜಾರಿಲ್ಲ. ಪುಣೆಯ ನಿಗಡಿಯಲ್ಲಿ ನಮ್ಮ ಮನೆ. ಅಲ್ಲಿಂದ ಎರಡು ಸ್ಟಾಪ್ ಆಚೆಗಿನ ಸರಕಾರಿ ದವಾಖಾನೆಯ ಲ್ಯಾಬಿನಲ್ಲಿ ಇಪ್ಪತ್ತೊಂದು ವರ್ಷದಿಂದ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದೇನೆ. ರಕ್ತದಲ್ಲಿ ಮಲೇರಿಯಾ ಹುಡುಕುತ್ತೇನೆ, ಮಲದಲ್ಲಿ ಹುಳದ ಮೊಟ್ಟೆ ಹುಡುಕುತ್ತೇನೆ. ತಿಂಗಳಿಗೊಮ್ಮೆ ಝೋಪಡಪಟ್ಟಿಗಳಿಗೆ ಹೋಗಿ, ಹೆಂಗಸರನ್ನು ಸುತ್ತ ಕೂರಿಸಿಕೊಂಡು, ಸಂಡಾಸಿಗೆ ಹೋಗಿ ಬಂದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ ಎಂದು ಮರಾಠಿಯಲ್ಲಿ ಗಂಟಲು ಹರಿದುಕೊಳ್ಳುತ್ತೇನೆ.

ನಮ್ಮ ಅತ್ತೆ ರುಕ್ಮಿಣಮ್ಮನವರು ಮಾತ್ರ ನೆಂಟರ ಮುಂದೆ, "ನಮ್ಮ ಶಾಮಲಾ ದವಾಖಾನ್ಯಾಗ ಆಫೀಸ್ ಕೆಲಸಾ ಮಾಡ್ತಾಳ" ಎಂದೇ ಹೇಳುತ್ತಾರೆ. ಮಲ ಎಂಬ ಮಾತು ನಮ್ಮ ಮನೆಯಲ್ಲಿ ಬರುವಂತಿಲ್ಲ. ಧಾರವಾಡ ಬಿಟ್ಟು ನಲವತ್ತು ವರ್ಷವಾದರೂ ಮಡಿ ಮಾತ್ರ ಬಿಟ್ಟಿಲ್ಲ. ಕೆಲಸದಿಂದ ಬಂದ ಕೂಡಲೇ ನಾನು ಸೀದಾ ಬಚ್ಚಲಿಗೆ ಹೋಗಬೇಕು, ತಲೆಯ ಮೇಲೆ ನೀರು ಹಾಕಿಕೊಂಡೇ ಹೊರಬರಬೇಕು. ಅದಕ್ಕೂ ನನ್ನ ತಕರಾರಿರಲಿಲ್ಲ, ಲ್ಯಾಬಿನಿಂದ ಬಂದವರು ಸ್ನಾನ ಮಾಡುವುದು ಒಳ್ಳೆಯದೇ.

ದೇವರ ಪೂಜೆ ಮೊದಲು ನಮ್ಮ ಭಾವ ಬಿಂದುಮಾಧವ ಅವರದಾಗಿತ್ತು. ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದವರು, ಬ್ಯಾಂಕಿನಿಂದ ನಿವೃತ್ತರು, ನಮ್ಮ ಬಿಲ್ಡಿಂಗಿನ ಸೆಕ್ರೆಟರಿ. ಮಂಡಿನೋವು ಶುರುವಾದ ಮೇಲೆ ಅವರಿಗೆ ನೆಲದ ಮೇಲೆ ಕೂರುವುದಕ್ಕೆ ಆಗಲಿಲ್ಲ. ಮೂರು ವರ್ಷದ ಹಿಂದೆ ಪೂಜೆ ನನ್ನ ಗಂಡ ಶ್ರೀನಾಥ್ ಅವರ ಪಾಲಿಗೆ ಬಂತು. ಬೆಳಗ್ಗೆ ಎದ್ದು, ಸಂಡಾಸಿಗೆ ಹೋಗಿ, ತಣ್ಣೀರು ಸ್ನಾನ ಮಾಡಿ, ಒದ್ದೆ ಪಂಚೆ ಉಟ್ಟು ನೇರ ದೇವರ ಕೋಣೆಗೆ ಹೋಗುತ್ತಿದ್ದರು. ಮಡಿಯ ಸ್ನಾನಕ್ಕೆ ಸಾಬೂನು ನಿಷಿದ್ಧ. "ಅದರಾಗ ಯಾವ ಪ್ರಾಣೀದು ಕೊಬ್ಬ ಹಾಕಿರ್ತಾರೋ ಯಾರಿಗ್ಗೊತ್ತು" ಎಂದು ಅತ್ತೆ ಅಂದದ್ದು ನಾನು ಮದುವೆಯಾಗಿ ಬಂದ ವಾರದಲ್ಲೇ. ಆವತ್ತಿನಿಂದ ಪೂಜೆಗೆಂದೇ ಇಟ್ಟ ಆ ಬಚ್ಚಲಲ್ಲಿ ಸಾಬೂನು ಇಲ್ಲ. ಪಂಚಾಮೃತದ ಬಾಳೆಹಣ್ಣನ್ನು ಇವರು ಕೈಯಲ್ಲೇ ಕಿವುಚಿ, ಹಾಲು ಮೊಸರು ತುಪ್ಪ ಜೇನುತುಪ್ಪ ಸಕ್ಕರೆ ಕಲಸಿ, ನೈವೇದ್ಯ ಮಾಡಿ, ಮೊದಲ ಸೌಟನ್ನು ನಮ್ಮ ಮಗಳ ಅಂಗೈಗೆ ಹಾಕುತ್ತಿದ್ದರು. ಮಗಳು ಕೇತಕಿ, ಒಂಬತ್ತನೆಯ ತರಗತಿ.

ಜನವರಿಯ ಒಂದು ಸೋಮವಾರ ಕೇತಕಿ ಶೂ ಲೇಸು ಕಟ್ಟುತ್ತಾ ಕೂತವಳು ಹಾಗೇ ಪಕ್ಕಕ್ಕೆ ಉರುಳಿದಳು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ನಾನು ದವಾಖಾನೆಯವಳು, ಎಷ್ಟೋ ಫಿಟ್ಸ್ ನೋಡಿದವಳು. ನನ್ನ ಕೂಸು ಹಾಗೆ ಒದ್ದಾಡುವಾಗ ನನಗೆ ಕಲಿತದ್ದೊಂದೂ ನೆನಪಾಗಲಿಲ್ಲ. ಅವಳನ್ನು ಒಂದು ಮಗ್ಗುಲಿಗೆ ತಿರುಗಿಸಿದ್ದು ಕಲ್ಲವ್ವ.

ಕಲ್ಲವ್ವ ನಮ್ಮ ಮನೆಯ ಕೆಲಸದವಳು. ಬೈಲಹೊಂಗಲದ ಕಡೆಯವಳು, ವಯಸ್ಸು ಐವತ್ತರ ಮೇಲೆ, ಒಂಬತ್ತು ವರ್ಷದಿಂದ ನಮ್ಮ ಬಿಲ್ಡಿಂಗಿನ ಐದು ಮನೆಗಳಲ್ಲಿ ದುಡಿಯುತ್ತಿದ್ದಳು. ನಮ್ಮ ಮನೆಯಲ್ಲಿ ನೆಲ ಒರೆಸುತ್ತಿದ್ದಳು, ಪಾತ್ರೆ ತಿಕ್ಕುತ್ತಿದ್ದಳು, ಬಾಲ್ಕನಿಯಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸಿ ಕೊಡುತ್ತಿದ್ದಳು. ಅಡಿಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅವಳು ತಿಕ್ಕಿದ ಪಾತ್ರೆಗೆ ಅತ್ತೆ ಮತ್ತೊಮ್ಮೆ ನೀರು ಹಾಕಿಕೊಂಡೇ ಒಳಗೆ ಒಯ್ಯುತ್ತಿದ್ದರು.

ಸ್ಕ್ಯಾನ್ ಆಯಿತು. ನರರೋಗದ ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು, ಮಿದುಳಿನಲ್ಲಿ ಒಂದು ಸಣ್ಣ ಗಂಟು ಇದೆ, ಹಂದಿಯ ಲಾಡಿಹುಳುವಿನ ಮರಿ ಮಾಡಿದ್ದು ಅಂದರು. ಒಂದೇ ಇದೆ, ಔಷಧಕ್ಕೆ ಹೋಗುತ್ತದೆ, ಫಿಟ್ಸಿನ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ ಅಂದರು. ನನಗೆ ಜೀವ ಬಂದಂತಾಯಿತು. ಭಾವನವರಿಗೆ ಮಾತ್ರ ಮೈಮೇಲೆ ಬಂತು.

"ಹಂದೀ ಹುಳಾ? ನಮ್ಮ ಮನ್ಯಾಗ? ಚಾತುರ್ಮಾಸದಾಗ ಉಳ್ಳಾಗಡ್ಡಿ ಸುದ್ದಾ ತಿನ್ನೂದಿಲ್ಲ ನಾವು! ಈ ಡಾಕ್ಟರ್‌ಗ ತಲಿ ಕೆಟ್ಟದ."

ಡಾಕ್ಟರರಿಗೆ ತಲೆ ಸರಿಯಾಗಿಯೇ ಇತ್ತು. ಇದು ನನ್ನ ದಿನದ ಪಾಠ. ಅರೆಬೆಂದ ಹಂದಿಮಾಂಸ ತಿಂದವರ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ, ವರ್ಷಗಟ್ಟಲೆ ಸುಮ್ಮನೆ ಇರುತ್ತದೆ. ಅದರ ಮೊಟ್ಟೆ ಅವರ ಮಲದಲ್ಲಿ ಹೊರಬರುತ್ತದೆ. ಅವರು ಕೈ ಸರಿಯಾಗಿ ತೊಳೆಯದಿದ್ದರೆ ಮೊಟ್ಟೆ ಉಗುರಿನ ಸಂದಿಯಲ್ಲಿ ಕೂತು ಇನ್ನೊಬ್ಬರ ಬಾಯಿಗೆ ಹೋಗುತ್ತದೆ, ಅಲ್ಲಿಂದ ಮಿದುಳು ಸೇರುತ್ತದೆ. ಅಂದರೆ ಹಂದಿ ತಿಂದವರು ಒಬ್ಬರು, ಫಿಟ್ಸ್ ಬಂದು ಬೀಳುವವರು ಇನ್ನೊಬ್ಬರು. ಇದನ್ನು ನಾನು ಭಾವನವರಿಗೆ ಆಸ್ಪತ್ರೆಯ ಕಾರಿಡಾರಿನಲ್ಲೇ ಬಿಡಿಸಿ ಹೇಳಿದೆ. ಹೇಳಬಾರದಿತ್ತು. ಅವರು ಅದರಲ್ಲಿ ತಮಗೆ ಬೇಕಾದ ಅರ್ಧವನ್ನು ಮಾತ್ರ ಕೇಳಿಸಿಕೊಂಡರು.

ಎರಡು ದಿನ ನಾನು ಆಸ್ಪತ್ರೆಯಲ್ಲೇ ಇದ್ದೆ. ಮೂರನೇ ದಿನ ಮಗಳನ್ನು ಕರೆದುಕೊಂಡು ಬಂದರೆ ಸಿಂಕಿನ ತುಂಬ ಮುಸುರೆ ಪಾತ್ರೆ.

"ಕಲ್ಲವ್ವ ಎಲ್ಲೆ?" ಅಂದೆ.

"ಬಿಡಿಸಿಬಿಟ್ಟೆ," ಅಂದರು ಭಾವ. "ಅವರ ಕೇರ್ಯಾಗ ಹಂದೀ ಸಾಕ್ತಾರ. ನೀನ ಹೇಳಿದೆಲ್ಲಾ, ಹಂದಿ ತಿಂದವರ ಕೈಲಿಂದ ಬರ್ತದ ಅಂತ. ಸೊಪ್ಪ ಸೋಸಾಕಿ ಯಾರು? ಅಕೀನ."

ಅಷ್ಟೇ ಆಗಿದ್ದರೆ ಬೇರೆ ಮಾತು. ಬಿಲ್ಡಿಂಗಿನ ವಾಟ್ಸಾಪ್ ಗುಂಪಿಗೆ ಸೆಕ್ರೆಟರಿ ಸಾಹೇಬರು ಮರಾಠಿಯಲ್ಲಿ ಮೆಸೇಜ್ ಹಾಕಿದ್ದರು. ಕೆಲಸದ ಕಲ್ಲವ್ವನಿಂದ ನಮ್ಮ ಮಗುವಿಗೆ ಹಂದಿಹುಳದ ರೋಗ ತಗುಲಿದೆ, ದಯವಿಟ್ಟು ಯಾರೂ ಅವಳನ್ನು ಮನೆಯೊಳಗೆ ಬಿಡಬಾರದು. ಕೊನೆಗೆ ಕೈಮುಗಿದ ಚಿತ್ರ ಬೇರೆ. ಸಂಜೆಯಾಗುವುದರೊಳಗೆ ಉಳಿದ ನಾಲ್ಕು ಮನೆಯವರೂ ಅವಳಿಗೆ ಬರಬೇಡ ಅಂದಿದ್ದರು.

ನನಗೆ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುತ್ತದೆ. ಆವತ್ತು ನೆತ್ತಿಗೇರಿತು. "ಪರೀಕ್ಷಾ ಮಾಡದ ಹೆಂಗ ಹೇಳಿದ್ರಿ ಭಾವನವರ? ನಾ ಇಪ್ಪತ್ತೊಂದ ವರ್ಷ ಆತು ಈ ಕೆಲಸಾ ಮಾಡ್ಲಿಕ್ಕೆ ಹತ್ತಿ, ನೋಡದ ಒಂದ ರಿಪೋರ್ಟ್ ಬರದಿಲ್ಲ. ನೀವು ಬ್ಯಾಂಕಿನ್ಯಾಗ ಕೂತವರು ಒಂದ ಫೋನಿನ್ಯಾಗ ರೋಗಾ ಹಿಡದಬಿಟ್ರಿ?" ಅಂದೆ. ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ನನ್ನ ಗಂಡ ಶ್ರೀನಾಥ್ ಅಲ್ಲೇ ಇದ್ದರು. ಒಂದು ಮಾತೂ ಆಡಲಿಲ್ಲ. ಮಗಳ ಚಿಂತೆಯಲ್ಲಿ ಸೊರಗಿದ್ದಾರೆ ಅಂದುಕೊಂಡೆ.

ಮರುದಿನ ಬೆಳಗ್ಗೆ ಕಲ್ಲವ್ವನ ಮನೆಗೆ ಹೋದೆ. ರೈಲು ಹಳಿಯ ಪಕ್ಕದ ಒಂದೇ ಕೋಣೆ. ಅವಳು ಅಳುತ್ತಾ ಕೂತಿರಬಹುದು, ಸಮಾಧಾನ ಮಾಡಬೇಕು ಎಂದುಕೊಂಡು ಹೋದ ನನಗೆ ಚೆನ್ನಾಗಿಯೇ ಆಯಿತು.

"ಬರ್ರಿ ಬಾಯಾರ," ಅಂದಳು. "ಕೂಸು ಹೆಂಗೈತ್ರಿ?"

"ಆರಾಮ ಅದಾಳ."

"ಹಂಗಾದ್ರ ಈಗ ನನ್ನ ಮಾತ ಕೇಳ್ರಿ. ನಾ ಹಂದಿ ತಿಂತೀನಿ. ಯಾಕ ಸುಳ್ಳ ಹೇಳ್ಲಿ? ನಮ್ಮವ್ವ ತಿಂದಾಳ, ನಮ್ಮಜ್ಜಿ ತಿಂದಾಳ. ಎಲುಬಿನಿಂದ ಬಿಟ್ಟು ಬರೂ ಮಟಾ ಕುದಿಸಿ ತಿಂತೀನಿ. ಕೈಗಿ ಸಾಬಾಣ ಹಚ್ಚತೀನಿ, ನೀವ ಬಂದು ಹೇಳಿ ಹೋಗಿದ್ರಲ್ಲ ನಮ್ಮ ಓಣ್ಯಾಗ, ಏಳೆಂಟ ವರ್ಷ ಆತು. ಅವತ್ತಿನಿಂದ ಬಿಟ್ಟಿಲ್ಲ." ಬಾಗಿಲ ಪಕ್ಕದ ಬಕೀಟಿನ ಮೇಲೆ ಕೆಂಪು ಸಾಬೂನಿನ ತುಂಡು ಇತ್ತು. "ನಿಮ್ಮಲ್ಲಿ ಡಬ್ಬಿ ಇರತಾವಲ್ಲ, ಒಂದ ಕೊಡ್ರಿ. ನಂದ ಮೊದ್ಲ ನೋಡ್ರಿ. ಆಮ್ಯಾಲ ನಿಮ್ಮ ಮನೀ ಮಂದೀದೂ ನೋಡ್ತೀರೇನು?"

"ನೋಡ್ತೀನಿ," ಅಂದೆ.

"ಯಾರದ ಬಂದ್ರೂ ಹೇಳ್ತೀರೇನು? ನನ್ನ ಹೆಸರ ಹೆಂಗ ಇಡೀ ಬಿಲ್ಡಿಂಗಿಗಿ ಹೇಳಿದ್ರೋ ಹಂಗ?"

ಭಾವನವರ ಮುಖ ಕಣ್ಣಮುಂದೆ ಬಂತು. ಬ್ಯಾಂಕಿನ ಪಾರ್ಟಿಗಳು, ಇನ್‌ಸ್ಪೆಕ್ಷನ್ನಿಗೆಂದು ಊರೂರು ತಿರುಗಿದ್ದು, ಎಲ್ಲ ನೆನಪಾಯಿತು. ಇವರದೇ ಬರುತ್ತದೆ ಎಂದು ನನ್ನ ಮನಸ್ಸು ಆಗಲೇ ತೀರ್ಪು ಕೊಟ್ಟಿತ್ತು. ನಾನೂ ನೋಡದೆಯೇ ರಿಪೋರ್ಟ್ ಬರೆದಿದ್ದೆ.

"ಹೇಳ್ತೀನಿ ಕಲ್ಲವ್ವಾ. ಆಣೆ," ಅಂದೆ.

ನಮ್ಮ ಲ್ಯಾಬಿನ ಮುಖ್ಯಸ್ಥೆ ಶರ್ವರಿ ಮೇಡಂ. ಕೇತಕಿಯ ವಿಷಯ ಹೇಳಿದಾಗ ಅವರು ತಾವಾಗಿಯೇ, ಮನೆಯವರೆಲ್ಲರದೂ ಪರೀಕ್ಷೆಯಾಗಲಿ, ಹುಳು ಇದ್ದವರು ಮನೆಯಲ್ಲೇ ಇದ್ದರೆ ಹುಡುಗಿಗೆ ಮತ್ತೆ ತಗುಲಬಹುದು ಅಂದರು. ಆರು ಡಬ್ಬಿ ಕೊಟ್ಟರು, ಹೆಸರು ಬೇಡ, ನಂಬರ್ ಇರಲಿ ಅಂದರು. ಒಂದು ಕಲ್ಲವ್ವನದು, ಎರಡು ಅತ್ತೆಯವರದು, ಮೂರು ಭಾವನವರದು, ನಾಲ್ಕು ಶ್ರೀನಾಥ್ ಅವರದು, ಐದು ನನ್ನದು, ಆರು ಕೇತಕಿಯದು.

ಡಬ್ಬಿಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಭಾವನವರು ಹೌಹಾರಿ ಎದ್ದು ನಿಂತರು.

"ಥೂ ಥೂ! ಊಟಾ ಮಾಡೂ ಜಾಗಾದಾಗ? ನಿನಗೇನ ಹುಚ್ಚ ಹಿಡದದೇನು ಶಾಮಲಾ?"

"ಖಾಲೀ ಡಬ್ಬಿ ಅವ. ಹೆದರಬ್ಯಾಡ್ರಿ. ನಾಳೆ ಬೆಳಿಗ್ಗೆ ತುಂಬಿಸಿ ಕೊಡ್ರಿ."

"ನಾ ಕೊಡೂದಿಲ್ಲ. ನನ್ನ ಜನ್ಮದಾಗ ಇಂಥಾ ಹೊಲಸ ಕೆಲಸಾ ಮಾಡಿಲ್ಲ."

"ದಿನಾ ಮಾಡ್ತೀರಿ ಭಾವನವರ, ಡಬ್ಬಿ ಒಂದ ಇರೂದಿಲ್ಲ ಅಷ್ಟ," ಅಂದೆ. ಕೇತಕಿ ಖೊಳ್ ಎಂದು ನಕ್ಕಳು. ನಾಲ್ಕು ದಿನದ ಮೇಲೆ ಅವಳು ನಕ್ಕದ್ದು. ನನಗೆ ಅಷ್ಟೇ ಬೇಕಾಗಿತ್ತು, ಬಲ ಬಂತು. "ಇನ್ನೊಂದ ಮಾತು. ಆರೂ ಡಬ್ಬಿ ತುಂಬಿ ಬರೂ ತನಕಾ ನನ್ನ ಮಗಳು ಈ ಮನ್ಯಾಗ ಪಂಚಾಮೃತಾ ಮುಟ್ಟೂದಿಲ್ಲ. ಕೈಲೆ ಕಲಸಿದ್ದು ಯಾವುದೂ ತಿನ್ನೂದಿಲ್ಲ. ಆಕೀ ಅಡಿಗಿ ನಾ ಬ್ಯಾರೆ ಮಾಡ್ತೀನಿ, ಸಾಬೂನ ಹಚ್ಚಿ ತೊಳದ ಕೈಲೆ."

ದೇವರ ಪ್ರಸಾದಕ್ಕೆ ಅಡ್ಡ ಬಂದಳಲ್ಲ ಸೊಸೆ ಎಂದು ಅತ್ತೆ ರಂಪ ಮಾಡುತ್ತಾರೆ ಎಂದುಕೊಂಡೆ. ಅತ್ತೆ ನಿಧಾನವಾಗಿ ಬಂದು ಎರಡನೇ ನಂಬರಿನ ಡಬ್ಬಿಯನ್ನು ಸೆರಗಿನ ತುದಿಯಿಂದ ಹಿಡಿದು ಎತ್ತಿಕೊಂಡರು.

"ಕೂಸು ಬಿದ್ದದ್ದು ನಾ ನೋಡೀನಿ," ಅಂದರು. "ಆಕಿಗಿಂತಾ ನನಗ ನಾಚಿಕಿ ದೊಡ್ಡದಲ್ಲ. ಮುಚ್ಚಳಾ ಹೆಂಗ ತಗೀಬೇಕು ತೋರಿಸು."

ತಾಯಿ ಕೊಟ್ಟ ಮೇಲೆ ಮಗ ಹೇಗೆ ಬಿಡುತ್ತಾರೆ? ಭಾವನವರು, ನನ್ನದು ಶುದ್ಧ ಇದೆ ಎಂದು ನಿಮಗೆಲ್ಲ ತೋರಿಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಕೊಟ್ಟರು. ಶ್ರೀನಾಥ್ ಅವರದು ಮಾತ್ರ ಬರಲಿಲ್ಲ. ಒಂದು ದಿನ ಹೊಟ್ಟೆ ಸರಿಯಿಲ್ಲ ಅಂದರು, ಇನ್ನೊಂದು ದಿನ ಆಫೀಸಿಗೆ ತಡವಾಯಿತು ಅಂದರು. ಖಡಕಿಯಲ್ಲಿ ಅವರ ಆಫೀಸು, ಎಂಟಕ್ಕೆ ಬಸ್ಸು. ಮೂರನೇ ದಿನ ಕೇತಕಿಯೇ, "ಅಪ್ಪಾ, ಎಲ್ಲಾರೂ ಕೊಟ್ಟಾರ, ನೀ ಒಬ್ಬನ ಉಳದೀ" ಅಂದಳು. ಅಂದು ಕೊಟ್ಟರು.

ಶುಕ್ರವಾರ ಸೂಕ್ಷ್ಮದರ್ಶಕದ ಮುಂದೆ ಕೂತೆ. ಒಂದನೇ ನಂಬರು ಸ್ವಚ್ಛ. ಎರಡೂ ಸ್ವಚ್ಛ. ಮೂರನೆಯದನ್ನು ಎರಡು ಸಲ ನೋಡಿದೆ, ಮೂರು ಸಲ ನೋಡಿದೆ. ಸ್ವಚ್ಛ. ಸುಳ್ಳೇಕೆ ಹೇಳಲಿ, ನಿರಾಸೆಯೇ ಆಯಿತು. ಇನ್ನೇನು, ಹೊರಗಿನಿಂದ ಬಂದದ್ದು ಇರಬೇಕು, ಯಾವುದೋ ಗಾಡಿಯ ತಿಂಡಿ ಇರಬೇಕು ಎಂದುಕೊಳ್ಳುತ್ತಾ ನಾಲ್ಕನೆಯದನ್ನು ಇಟ್ಟೆ.

ಗುಂಡಗಿನ, ಕಂದು ಬಣ್ಣದ, ದಪ್ಪ ಅಂಚಿನ ಮೊಟ್ಟೆ. ಒಂದಲ್ಲ, ಎಲ್ಲಿ ತಿರುಗಿಸಿದರೂ ಇದ್ದವು. ಇಪ್ಪತ್ತೊಂದು ವರ್ಷದಲ್ಲಿ ಎಷ್ಟೋ ಸಲ ನೋಡಿದ್ದೇನೆ, ನೋಡಿದಾಗಲೆಲ್ಲ 'ಸಿಕ್ಕಿತು' ಎಂದು ಖುಷಿಪಟ್ಟಿದ್ದೇನೆ. ಆವತ್ತು ಡಬ್ಬಿಯ ಮೇಲಿನ ನಂಬರನ್ನು ಮತ್ತೊಮ್ಮೆ ಓದಿದೆ.

ಐದು, ಆರು ಸ್ವಚ್ಛವಾಗಿದ್ದವು. ನಾಲ್ಕನೆಯದನ್ನು ಶರ್ವರಿ ಮೇಡಂ ನೋಡಿ ಹೌದು ಅಂದರು. ಮೊಟ್ಟೆ ನೋಡಿ ಯಾವ ಪ್ರಾಣಿಯ ಲಾಡಿಹುಳು ಎಂದು ಹೇಳಲಿಕ್ಕಾಗದು, ಔಷಧ ಕೊಟ್ಟು ತುಂಡು ಹೊರಬಂದ ಮೇಲೆ ನೋಡೋಣ, ಆದರೆ ನಿನ್ನ ಮಗಳ ಸ್ಕ್ಯಾನ್ ಆಗಲೇ ಉತ್ತರ ಹೇಳಿದೆ ಅಂದರು. ನಾನು ಕಲ್ಲವ್ವನಿಗೆ ಕೊಟ್ಟ ಮಾತನ್ನು ಹೇಳಿದೆ. ಅವರು ತಲೆಯಾಡಿಸಿದರು.

"ಶಾಮಲಾ, ರಿಪೋರ್ಟ್ ರೋಗಿಯದು. ಅವನು ನಿನ್ನ ಗಂಡನಾದರೂ ರೋಗಿಯೇ. ನೀನು ಅವನ ಹೆಸರನ್ನು ಯಾರಿಗೂ ಹೇಳುವಂತಿಲ್ಲ. ಇವತ್ತು ನೀನು ಹೇಳಿದರೆ ನಾಳೆ ಯಾರೂ ನಮ್ಮಲ್ಲಿಗೆ ಡಬ್ಬಿ ತರುವುದಿಲ್ಲ."

ಮಾತು ಸರಿಯಾಗಿಯೇ ಇತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಸಂಜೆ ಶ್ರೀನಾಥ್ ಅವರನ್ನು ಬಾಲ್ಕನಿಗೆ ಕರೆದು ಕಾಗದ ಕೈಗಿಟ್ಟೆ. ಅವರು ಓದಲಿಲ್ಲ. ಓದುವ ಅಗತ್ಯವೇ ಅವರಿಗೆ ಇರಲಿಲ್ಲ.

"ಪ್ರತೀ ಚಳಿಗಾಲದಾಗ ಸೀತನಿ, ಸುಟ್ಟ ಎಳೀ ತೆನಿ ತಿನ್ನಲಿಕ್ಕೆ ಅಂತ ಶಿರೂರಿಗೆ ಹೋಗ್ತಿದ್ರಲ್ಲ, ಗೆಳ್ಯಾರ ಹೊಲಕ್ಕ. ಅಲ್ಲೆ ಏನ ತಿಂದ್ರಿ?"

"ಬರೇ ಎರಡ ಸಲಾ," ಅಂದರು. "ಅದ ಕೆಂಡದ ಮ್ಯಾಲೆ ಜ್ವಾಳದ ತೆನಿ ಜೋಡಿ ಅದನ್ನೂ ಸುಡ್ತಿದ್ರು. ಒಳಗ ಹಸೀನ ಇತ್ತು. ಎಲ್ಲಾರೂ ತಿಂತಾರ ಅಂತ..."

"ತಿಂದದ್ದಕ್ಕ ನಾ ಏನೂ ಅನ್ನೂದಿಲ್ಲ. ಹಂದೀನರ ತಿನ್ರಿ, ಆನೀನರ ತಿನ್ರಿ, ನಿಮ್ಮ ಬಾಯಿ, ನಿಮ್ಮ ಹೊಟ್ಟಿ. ಹುಳದ ತುಂಡು ಕಂಡಿರಬೇಕಲ್ಲಾ? ಬಿಳೀ ಲಾಡೀ ಹಂಗ?"

"ಕಂಡಿದ್ದವು. ದೀಪಾವಳೀ ಮುಂದ."

"ಮನ್ಯಾಗ ಹೆಂಡತಿ ಅದನ್ನ ನೋಡೂ ಕೆಲಸಾ ಮಾಡ್ತಾಳ! ಊರ ಮಂದಿ ಎಲ್ಲಾ ನನ್ನ ಮುಂದ ಡಬ್ಬಿ ತಂದ ಇಡ್ತಾರ. ನಿಮಗ ಹೇಳಲಿಕ್ಕೆ ಬಾಯಿ ಇರಲಿಲ್ಲೇನು?"

"ನಾಚಿಕಿ ಆತು ಶಾಮಲಾ."

"ಕಲ್ಲವ್ವನ್ನ ಹೊರಗ ಹಾಕೂ ಮುಂದ ಗೊತ್ತಿತ್ತು ನಿಮಗ. ಆವಾಗೂ ನಾಚಿಕೇನ?"

ಅವರು ಅತ್ತರು. ಮಗಳ ಬಾಯಿಗೆ ನಾನೇ ಹಾಕಿದೆನಲ್ಲ ಎಂದು ಮುಖ ಮುಚ್ಚಿಕೊಂಡು ಅತ್ತರು. ನನಗೂ ಮರುಕ ಬಂತು, ಇಲ್ಲ ಅನ್ನುವುದಿಲ್ಲ. ಕಣ್ಣು ಒರೆಸಿಕೊಂಡು ಅವರು ಅಂದರು: "ಒಂದ ಸಲದ ಮಾತ್ರಿ ಇರ್ತದಂತಲ್ಲಾ, ತಗೋತೀನಿ. ಕಲ್ಲವ್ವನ್ನ ಸುಮ್ಮನ ಮತ್ತ ಕರಕೊಂಡ್ರಾತು. ಇದನ್ನ ಯಾರಿಗೂ ಹೇಳಬ್ಯಾಡ. ಅವ್ವ ಜೀವಾ ಬಿಡ್ತಾಳ."

ಅರ್ಧ ದಿನ ನಾನೂ ಹಾಗೇ ಮಾಡೋಣ ಅಂದುಕೊಂಡೆ. ಕಾಯಿದೆಯೇ ಹೇಳಬೇಡ ಅನ್ನುತ್ತದೆ, ನನಗೇಕೆ ಉಸಾಬರಿ? ಮನೆಯ ಮಾನ ಉಳಿಯುತ್ತದೆ, ಕಲ್ಲವ್ವನ ಕೆಲಸವೂ ಉಳಿಯುತ್ತದೆ. ಶನಿವಾರ ಪೂಜೆಯ ಬಚ್ಚಲು ತೊಳೆಯಲು ಹೋದೆ. ಗೂಡಿನಲ್ಲಿ ತಂಬಿಗೆ ಇತ್ತು, ಸಾಬೂನು ಇಡುವ ಜಾಗ ಹದಿನೆಂಟು ವರ್ಷದಿಂದ ಖಾಲಿ ಇತ್ತು. ಕೇರಿ ಕೇರಿ ತಿರುಗಿ ಕಲ್ಲವ್ವನಂಥವರಿಗೆ ಬುದ್ಧಿ ಹೇಳಿದವಳು ನಾನು. ಅವಳು ಒಂದೇ ಸಲ ಕೇಳಿ ಪಾಲಿಸಿದಳು. ನನ್ನ ಮನೆಯಲ್ಲಿ, ಮಡಿ ಎಂಬ ಒಂದು ಮಾತಿಗೆ ಹೆದರಿ, ಒಂದು ಸಾಬೂನಿನ ತುಂಡು ಇಡಲಿಕ್ಕೆ ನನಗೆ ಧೈರ್ಯ ಸಾಲಲಿಲ್ಲ. ಗಂಡನಿಗೆ ನಾಚಿಕೆ, ನನಗೆ ಅಂಜಿಕೆ, ಶಿಕ್ಷೆ ಮಾತ್ರ ಕಲ್ಲವ್ವನಿಗೆ. ಬ್ರಷ್ಷನ್ನು ಅಲ್ಲೇ ಎಸೆದು ಎದ್ದೆ.

ಕಲ್ಲವ್ವನ ರಿಪೋರ್ಟ್ ಅವಳ ಕೈಗೆ ಕೊಟ್ಟೆ. "ನಿಂದು ಏನೂ ಇಲ್ಲ. ಉಳದವರ ಹೆಸರು ಹೇಳೂ ಹಕ್ಕ ನನಗಿಲ್ಲ ಕಲ್ಲವ್ವಾ. ಆಣೆ ಮಾಡಬಾರದಿತ್ತು, ತಪ್ಪಾತು."

ಅವಳು ನನ್ನ ಮುಖವನ್ನೇ ನೋಡಿದಳು. "ಯಾರದೋ ಬಂದೈತಿ ಅಂದಂಗಾತು," ಅಂದಳು.

"ನಾಳೆ ಹತ್ತಕ್ಕ ಬಿಲ್ಡಿಂಗಿನ ಮೀಟಿಂಗ್ ಅದ, ಕೆಳಗ ಪಾರ್ಕಿಂಗಿನ್ಯಾಗ. ಬಾ," ಅಂದೆ.

ಮನೆಗೆ ಬಂದು ಶ್ರೀನಾಥ್ ಅವರಿಗೂ ಹೇಳಿದೆ. "ನಾಳೆ ಕಲ್ಲವ್ವ ಬರ್ತಾಳ. ನಾ ಬಾಯಿ ತಗಿಯೂದಿಲ್ಲ, ಕಾಯಿದೆ ಅದ. ನಿಮ್ಮ ಬಾಯಿಗೆ ಯಾವ ಕಾಯಿದೇನೂ ಇಲ್ಲ. ನೀವು ಸುಮ್ಮನ ಕೂತ್ರ, ಈ ಜನ್ಮದಾಗ ನಿಮ್ಮ ಕೈಲಿಂದ ಒಂದ ಗುಟುಕು ನೀರೂ ನಾ ಇಸಗೊಳ್ಳೂದಿಲ್ಲ."

ರವಿವಾರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಇಪ್ಪತ್ತು ಮನೆಯವರು ಕೂತಿದ್ದರು. ನೀರಿನ ಟ್ಯಾಂಕು, ಲಿಫ್ಟಿನ ರಿಪೇರಿ, ಎಲ್ಲ ಮುಗಿಯುತ್ತಾ ಬಂದಿತ್ತು. ಕಲ್ಲವ್ವ ಗೇಟಿನಿಂದ ನೆಟ್ಟಗೆ ನಡೆದು ಬಂದಳು. ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು. ರಿಪೋರ್ಟಿಗೆ ಪ್ಲಾಸ್ಟಿಕ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದ್ದಳು! ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ತನಗೆ ಬರುವ ಹರಕುಮುರುಕು ಮರಾಠಿಯಲ್ಲಿ ಕೂಗಿದಳು. ಸರಕಾರಿ ದವಾಖಾನೆ ಬರೆದು ಕೊಟ್ಟಿದೆ, ನನ್ನ ಹೊಟ್ಟೆಯಲ್ಲಿ ಹುಳ ಇಲ್ಲ, ಓದಿಕೊಳ್ಳಿ. ಆಮೇಲೆ ಭಾವನವರ ಕಡೆ ತಿರುಗಿ ಕನ್ನಡದಲ್ಲಿ, "ನಂದು ಇಲ್ಲೈತ್ರಿ ಸಾಹೇಬ್ರ. ನಿಮ್ಮದು ಎಲ್ಲೈತಿ?" ಅಂದಳು.

ಭಾವನವರು ಕೆಂಪಾದರು. ಆದರೆ ಅವರದೂ ಸ್ವಚ್ಛವಾಗಿತ್ತಲ್ಲ, ಕಿಸೆಯಿಂದ ಕಾಗದ ತೆಗೆದು ಠೀವಿಯಿಂದ ಓದಿಯೇ ಬಿಟ್ಟರು. ತಾಯಿಯದೂ ಓದಿದರು. ನನ್ನದನ್ನೂ ಕೇತಕಿಯದನ್ನೂ ನಾನೇ ಮುಂದೆ ಚಾಚಿದೆ. ಮೂರನೇ ಮಹಡಿಯ ಮುದುಕರೊಬ್ಬರು ಕನ್ನಡಕ ಸರಿಮಾಡಿಕೊಂಡು, ಹಾಗಾದರೆ ಮಗುವಿಗೆ ಬಂದದ್ದು ಯಾರಿಂದ ಎಂದು ಮರಾಠಿಯಲ್ಲಿ ಕೇಳಿದರು. ಭಾವನವರು ಆಗ ಲೆಕ್ಕ ಹಾಕಿರಬೇಕು. ಕಾಗದ ಮಡಿಸುತ್ತಿದ್ದ ಕೈ ಅಲ್ಲೇ ನಿಂತಿತು. ತಮ್ಮನ ಕಡೆ ನೋಡಿ, "ಆತು, ಮೀಟಿಂಗ್ ಮುಗೀತು, ನಡೀರಿ ನಡೀರಿ" ಎಂದು ಎದ್ದರು.

ನಾನು ನನ್ನ ಗಂಡನನ್ನೇ ನೋಡುತ್ತಿದ್ದೆ. ಅವರು ನೆಲ ನೋಡುತ್ತಿದ್ದರು. ಏಳ್ರಿ, ಎಂದು ಮನಸ್ಸಿನಲ್ಲೇ ಅಂದೆ. ಏಳ್ರಿ, ನಿಮ್ಮ ಕಾಲ ಬೀಳ್ತೀನಿ, ಒಮ್ಮೆ ಎದ್ದ ನಿಲ್ರಿ.

ಎದ್ದರು.

"ಮಾಝ್ಯಾಮುಳೆ," ಅಂದರು ಮರಾಠಿಯಲ್ಲಿ. ನನ್ನಿಂದ. ಅಲ್ಲಿಗೇ ನಿಲ್ಲಿಸಲಿಲ್ಲ. ಶಿರೂರಿನ ಹೊಲದಲ್ಲಿ ತಿಂದದ್ದು, ಹುಳ ಕಂಡರೂ ಮುಚ್ಚಿಟ್ಟದ್ದು, ಅದೇ ಕೈಯಿಂದ ಮಗಳಿಗೆ ಪ್ರಸಾದ ಕೊಟ್ಟದ್ದು, ಕಲ್ಲವ್ವನನ್ನು ಹೊರಗೆ ಹಾಕುವಾಗ ಗೊತ್ತಿದ್ದೂ ಸುಮ್ಮನೆ ನಿಂತದ್ದು, ಒಂದನ್ನೂ ಬಿಡಲಿಲ್ಲ. ಕೊನೆಗೆ ಕಲ್ಲವ್ವನ ಮುಂದೆ ಹೋಗಿ ಕನ್ನಡದಲ್ಲಿ, "ತಪ್ಪಾತು ಕಲ್ಲವ್ವಾ" ಅಂದರು.

ಯಾರೋ ಥೂ ಅಂದರು. ಯಾರೋ ನಕ್ಕರು. ಅತ್ತೆ ಲಿಫ್ಟಿನ ಬಾಗಿಲಿಗೆ ಕೈಕೊಟ್ಟು ನಿಂತಿದ್ದರು, ಮುಖ ಬೆಳ್ಳಗಾಗಿತ್ತು, ಆದರೆ ಜೀವ ಬಿಡಲಿಲ್ಲ. ಕಲ್ಲವ್ವ ಮಾತ್ರ ಕರಗುವ ಪೈಕಿ ಅಲ್ಲ.

"ಬಾಯಿಲೆ ಹೇಳಿದ್ದು ಗಾಳ್ಯಾಗ ಹೊಕ್ಕೈತ್ರಿ," ಅಂದಳು. "ಫೋನಿನ್ಯಾಗ ಹಾಕಿದ್ರಲ್ಲ ನನ್ನ ಹೆಸರ, ಅದರಾಗ ಹಾಕ್ರಿ. ಯಾರ ಹಾಕಿದ್ರೋ ಅವರ ಹಾಕಬೇಕು."

ಭಾವನವರು ನನ್ನ ಕಡೆ ನೋಡಿದರು, ತಮ್ಮನ ಕಡೆ ನೋಡಿದರು, ಕೊನೆಗೆ ಅಲ್ಲಿಯೇ ಕುರ್ಚಿಯ ಮೇಲೆ ಕೂತು ಒಂದು ಬೆರಳಿನಿಂದ ಟೈಪ್ ಮಾಡಿದರು. ಕಲ್ಲವ್ವನಿಗೆ ಯಾವ ರೋಗವೂ ಇಲ್ಲ, ನಾನು ಬರೆದದ್ದು ತಪ್ಪು. ಇಪ್ಪತ್ತು ಫೋನುಗಳು ಒಟ್ಟಿಗೆ ಕಿಣಿಕಿಣಿ ಅಂದವು.

"ಕೈ ಮುಗದ ಚಿತ್ರಾನೂ ಹಾಕ್ರಿ," ಅಂದಳು ಕಲ್ಲವ್ವ. "ಆವತ್ತ ಹಾಕಿದ್ರಂತಲ್ಲ."

ಅದನ್ನೂ ಹಾಕಿದರು.

ಶ್ರೀನಾಥ್ ಮಾತ್ರೆ ನುಂಗಿದರು. ಹುಳು ಹೊರಬಿತ್ತು, ಶರ್ವರಿ ಮೇಡಂ ತುಂಡು ನೋಡಿ ಹಂದಿಯದೇ ಅಂದರು. ಮರುಪರೀಕ್ಷೆ ಆಗುವ ತನಕ ಅವರಿಗೆ ಅಡಿಗೆಮನೆ ಇಲ್ಲ, ಪೂಜೆ ಇಲ್ಲ. ಪೂಜೆ ತಿರುಗಿ ಭಾವನವರಿಗೆ ಬಂತು, ಸ್ಟೂಲಿನ ಮೇಲೆ ಕೂತು ಮಾಡುತ್ತಾರೆ. ನಾನು ಬರೀ ಕೊಬ್ಬರಿ ಎಣ್ಣೆಯಿಂದ ಮಾಡಿದ ಸಾಬೂನು ಹುಡುಕಿ ತಂದೆ. ಹೊದಿಕೆಯ ಮೇಲಿನ ಅಕ್ಷರವನ್ನೆಲ್ಲ ಅತ್ತೆಗೆ ಓದಿ ಹೇಳಿ, ಬಚ್ಚಲಿನ ಆ ಖಾಲಿ ಗೂಡಿನಲ್ಲಿ ಒಂದು, ದೇವರ ಕೋಣೆಯ ಪಕ್ಕದ ಬೇಸಿನ್ ಮೇಲೆ ಒಂದು ಇಟ್ಟೆ. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಎಂಟು ದಿನ ನಮ್ಮನ್ನು ಕಾಯಿಸಿ, ಉಳಿದ ನಾಲ್ಕು ಮನೆಗೆ ಮೊದಲು ಹೋಗಿ, ಕೊನೆಗೆ ಕಲ್ಲವ್ವ ನಮ್ಮಲ್ಲಿಗೆ ಬಂದಳು. ಬೇಸಿನ್ ಮುಂದೆ ನೆಲ ಒರೆಸುತ್ತಿದ್ದಳು. ಭಾವನವರು ಬಚ್ಚಲಿನಿಂದ ಒದ್ದೆ ಪಂಚೆಯಲ್ಲಿ ಬಂದರು. ಮಡಿಯಲ್ಲಿ ಇದ್ದವರು ಬಂದರೆ ಅವಳು ಗೋಡೆಗೆ ಸರಿದು ನಿಲ್ಲಬೇಕು, ಒಂಬತ್ತು ವರ್ಷದ ಪದ್ಧತಿ. ಸರಿಯಲಿಲ್ಲ.

"ಸಾಬಾಣ ಹಚ್ಚಿದ್ರೇನ್ರಿ?"

"ಸರಿ ಆಕಡೆ. ಮಡಿ ಒಳಗ ಇದ್ದೀನಿ."

"ಮಡಿ ಕೇಳಿಲ್ರಿ ನಾ. ಸಾಬಾಣ ಕೇಳೀನಿ."

ಭಾವನವರು ಅಡಿಗೆಮನೆಯ ಕಡೆ ಕತ್ತು ತಿರುಗಿಸಿ, "ಅವ್ವಾ, ನೋಡ ಇಲ್ಲೆ" ಎಂದು ದೂರು ಕೊಟ್ಟರು. ನಾನು ಕೇತಕಿಯ ಮಾತ್ರೆ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಒಳಗಿನಿಂದ ಪಾತ್ರೆಯ ಸದ್ದು ನಿಂತಿತು.

"ಹಚ್ಚಿಕೋ ಬಿಂದೂ," ಅಂದರು ಅತ್ತೆ.

ಅವರು ಹಚ್ಚಿಕೊಂಡರು. "ಉಗರಿನ ಸಂದಿಗೂ," ಅಂದಳು ಕಲ್ಲವ್ವ. ಅಲ್ಲಿಗೂ ಹಚ್ಚಿ, ತಿಕ್ಕಿ, ತೊಳೆದು, ಎರಡೂ ಕೈಯನ್ನು ಅವಳ ಮುಂದೆ ಚಾಚಿ ತೋರಿಸಿದರು. ಆಮೇಲೆಯೇ ಕಲ್ಲವ್ವ ದಾರಿ ಬಿಟ್ಟಳು.